ದಿನಕ್ಕೆ 50 ರೂಪಾಯಿಯಲ್ಲಿ ಊಟವೂ ಬಾಡಿಗೆಯೂ

ಹತ್ತನೇ ತರಗತಿವರೆಗೆ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ. ಎಸೆಸೆಲ್ಸಿ ಮುಗಿಸಿ ಪಿಯುಸಿಗೆ ಕಾಲಿಟ್ಟ ದಿನ ಅದು ನಿಲ್ಲುತ್ತದೆ. ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಮೊದಲು ಸಣ್ಣ ತರಗತಿಗಳಿಗೆ ಬಂತು, ಆಮೇಲೆ ಹೈಸ್ಕೂಲಿಗೂ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ಹಸಿವು ಜೋರಾಗುವ ಪ್ರಾಯದಲ್ಲೇ ನಮ್ಮ ಮಕ್ಕಳ ಮುಂದಿನಿಂದ ಸರಕಾರದ ತಟ್ಟೆ ಎದ್ದು ಹೋಗುತ್ತದೆ.

ಆಮೇಲೆ ಇರುವುದು ಎರಡು ದಾರಿ. ಒಂದು, ಮೆಟ್ರಿಕ್ ನಂತರದ ಹಾಸ್ಟೆಲ್. ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ. ಈ ಎರಡನೆಯದರ ಬಗ್ಗೆ ನಮ್ಮ ಮನೆಗಳಲ್ಲಿ ಗೊತ್ತಿರುವವರು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2013-14ರಲ್ಲಿ ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ತಂದ ಊಟ ಮತ್ತು ವಸತಿ ಸಹಾಯ ಯೋಜನೆ ಇದು. ಅಲ್ಪಸಂಖ್ಯಾತರ ಇಲಾಖೆಯ ಮೂಲಕ ನಮ್ಮ ಮಕ್ಕಳಿಗೂ ಇದು ಬಂತು. ಆಗ ಗೊತ್ತು ಮಾಡಿದ್ದು ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ 10 ತಿಂಗಳು, ಒಟ್ಟು 15,000. ಒಳ್ಳೆಯ ಯೋಜನೆಯೇ. ಊರು ಬಿಟ್ಟು ಹೋಗಿ ಓದುವ ಬಡ ಹುಡುಗನ ಹೊಟ್ಟೆಯ ಬಗ್ಗೆ ಒಂದು ಸರಕಾರ ಯೋಚಿಸಿತಲ್ಲ, ಅದಕ್ಕೆ ಶುಕ್ರ್ ಹೇಳಬೇಕು.

ಆದರೆ ಲೆಕ್ಕ ಹಾಕಿ ನೋಡಿ. 1,500 ಅಂದರೆ ದಿನಕ್ಕೆ 50 ರೂಪಾಯಿ. ಮೂರು ಹೊತ್ತಿಗೆ ಭಾಗಿಸಿದರೆ ಹೊತ್ತಿಗೆ 17 ರೂಪಾಯಿಯೂ ಪೂರ್ತಿ ಬರುವುದಿಲ್ಲ. ರೂಮಿನ ಬಾಡಿಗೆಯೂ ಇದರಲ್ಲೇ ಆಗಬೇಕು. ರೂಮಿನ ಮಾಲಕರು ವರ್ಷಕ್ಕೆ 10 ತಿಂಗಳಿನ ಬಾಡಿಗೆ ಸಾಕು ಎಂದು ಹೇಳುವವರಲ್ಲ. ಯೋಜನೆ ಶುರುವಾಗಿ ಹತ್ತು ವರ್ಷ ತುಂಬಿದಾಗಲೂ ಮೊತ್ತ ಅದೇ 1,500. 2013ರಲ್ಲಿ ಕುಚ್ಚಲಕ್ಕಿ ಎಷ್ಟಿತ್ತು, ತೆಂಗಿನೆಣ್ಣೆ ಎಷ್ಟಿತ್ತು, ನೂರು ರೂಪಾಯಿಗೆ ಎಷ್ಟು ಬಂಗುಡೆ ಬರುತ್ತಿತ್ತು ಎಂದು ಮನೆಯಲ್ಲಿ ಉಮ್ಮನ ಹತ್ತಿರ ಒಮ್ಮೆ ಕೇಳಿ. ಹಾಸ್ಟೆಲಿನಲ್ಲಿರುವ ಮಕ್ಕಳ ಊಟದ ಖರ್ಚನ್ನಾದರೂ ಸರಕಾರ ಆಗಾಗ ಸ್ವಲ್ಪ ಸ್ವಲ್ಪ ಏರಿಸಿದೆ. ಸೀಟು ಸಿಗದೆ ಹೊರಗೆ ಉಳಿದವನ ಮೊತ್ತ ಮಾತ್ರ ಅಲ್ಲೇ ನಿಂತಿತು. ಯಾರೂ ಆದೇಶ ಹೊರಡಿಸಿ ಕಡಿತ ಮಾಡಲಿಲ್ಲ. ತಟ್ಟೆಯಲ್ಲಿದ್ದ ಅನ್ನ ವರ್ಷ ವರ್ಷ ಒಂದೊಂದು ಸೌಟು ಕಡಿಮೆಯಾಗುತ್ತಾ ಬಂತು, ಅಷ್ಟೇ.

ಸದ್ದು ಮಾಡಿದ ಕಡಿತ ಎಲ್ಲರಿಗೂ ನೆನಪಿರುತ್ತದೆ. 2017ರಲ್ಲಿ ಬಂಟ್ವಾಳ ತಾಲೂಕಿನ ಕಲ್ಲಡ್ಕ ಮತ್ತು ಪುಣಚದ ಎರಡು ವಿದ್ಯಾಕೇಂದ್ರಗಳಿಗೆ ಕೊಲ್ಲೂರು ದೇವಸ್ಥಾನದಿಂದ ಹೋಗುತ್ತಿದ್ದ ನೆರವನ್ನು ರಾಜ್ಯ ಸರಕಾರ ನಿಲ್ಲಿಸಿತು. ಮಕ್ಕಳು ಖಾಲಿ ತಟ್ಟೆ ಹಿಡಿದು ಬೀದಿಗೆ ಬಂದರು. ನಮ್ಮವರಲ್ಲಿ ಕೆಲವರು ಒಳಗೊಳಗೆ ಖುಷಿಪಟ್ಟರು ಎನ್ನುವುದು ಸುಳ್ಳಲ್ಲ. ಆ ಸಂಸ್ಥೆ ನಡೆಸುವವರ ರಾಜಕೀಯದ ಬಗ್ಗೆ ನಮಗೆ ಏನೇ ಅಭಿಪ್ರಾಯ ಇರಲಿ, ತಟ್ಟೆ ಹಿಡಿದು ನಿಂತದ್ದು ಮಕ್ಕಳು. ಅದರಲ್ಲಿ ಖುಷಿಪಡಲು ಏನೂ ಇರಲಿಲ್ಲ. 2022ರಲ್ಲಿ ಕೇಂದ್ರ ಸರಕಾರ ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ ನಿಲ್ಲಿಸಿದಾಗ ನಮ್ಮ ಮನೆಗಳಲ್ಲೂ ಮಾತಾಯಿತು, ಮಸೀದಿ ಜಗಲಿಯಲ್ಲೂ ಆಯಿತು. ವಿದ್ಯಾಸಿರಿ ಸವೆದದ್ದರ ಬಗ್ಗೆ ಯಾವ ಜಗಲಿಯಲ್ಲಿಯೂ ಮಾತಾದದ್ದು ನಾನು ಕೇಳಿಲ್ಲ.

ಕೊಕ್ಕಡದಂತಹ ಊರಿನಲ್ಲಿ ಇದರ ಪೆಟ್ಟು ಜಾಸ್ತಿ. ಡಿಗ್ರಿಗೆ ಇಲ್ಲಿಯ ಮಕ್ಕಳು ಉಪ್ಪಿನಂಗಡಿಗೋ ಬೆಳ್ತಂಗಡಿಗೋ ಪುತ್ತೂರಿಗೋ ಹೋಗಬೇಕು. ಇಂಜಿನಿಯರಿಂಗ್, ನರ್ಸಿಂಗ್ ಅಂದರೆ ಮೂಡುಬಿದಿರೆ, ಮಂಗಳೂರು. ಹೆಣ್ಣು ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಖರ್ಚು ತಪ್ಪಿತು. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ, ರಾತ್ರಿಯ ಊಟವಾದರೂ ಮನೆಯದ್ದು. ಮಂಗಳೂರಿನಲ್ಲಿ ನಾಲ್ಕೈದು ಮಂದಿ ಸೇರಿ ರೂಮು ಮಾಡಿಕೊಂಡಿರುವ ಹುಡುಗರ ಕಥೆ ಬೇರೆ.

ನನ್ನ ಮದ್ರಸದಲ್ಲಿ ಕಲಿತು ಈಗ ಮಂಗಳೂರಿನಲ್ಲಿ ಓದುವ ಹುಡುಗನೊಬ್ಬ ರಜೆಯಲ್ಲಿ ಬಂದಾಗ ತುಂಬಾ ತೆಳ್ಳಗಾಗಿದ್ದ. "ಊಟ ಸರಿ ಮಾಡುದಿಲ್ವಾ ಮೋನೇ?" ಎಂದು ಕೇಳಿದೆ. "ಮಾಡ್ತೇನೆ ಉಸ್ತಾದ್, ಬೆಳಗ್ಗೆದು ಬಿಟ್ಟು" ಎಂದ. ಮತ್ತೆ ಮೆಲ್ಲ ಹೇಳಿದ: ಬೆಳಗ್ಗೆ ಚಾಯ ಮಾತ್ರ, ಮಧ್ಯಾಹ್ನ ಇಂದಿರಾ ಕ್ಯಾಂಟೀನಿನ 10 ರೂಪಾಯಿ ಊಟ, ರಾತ್ರಿ ರೂಮಿನಲ್ಲಿ ಗಂಜಿ. ಉಪ್ಪನಿಗೆ ಹೇಳಬೇಡಿ ಅಂತಲೂ ಹೇಳಿದ. ಉಪ್ಪ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು. ವಿದ್ಯಾಸಿರಿ ಬರುತ್ತದಾ ಎಂದು ಕೇಳಿದರೆ ಆ ಹೆಸರೇ ಅವನು ಕೇಳಿರಲಿಲ್ಲ. ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಮಾತ್ರ ತುಂಬಿಸಿದ್ದಾರೆ. ಹಾಸ್ಟೆಲಿಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಎಷ್ಟೋ ಮಕ್ಕಳು ಸೋಲುವುದು ಇಲ್ಲಿಯೇ. ಹಾಸ್ಟೆಲಿಗೆ ಅರ್ಜಿ ಹಾಕಿ ಸೀಟು ಸಿಗದವರಿಗೆ ಇರುವ ಯೋಜನೆ ಇದು. ಹಾಸ್ಟೆಲ್ ಬೇಡ, ರೂಮು ಸಾಕು ಎಂದು ಅರ್ಜಿಯನ್ನೇ ಹಾಕದಿದ್ದರೆ ಇದರ ಬಾಗಿಲಿಗೂ ಹೋಗಲಾಗುವುದಿಲ್ಲ. ಇನ್ನೊಂದು ತೊಂದರೆ ನಮ್ಮ ಹೆಸರುಗಳದ್ದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂ.ಡಿ. ಮುಂದೆ ಇನಿಶಿಯಲ್ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಇದನ್ನು ಒಂದೇ ಮನುಷ್ಯ ಎಂದು ಒಪ್ಪುವುದಿಲ್ಲ. ಮಗುವಿಗೆ ಹೆಸರಿಡುವಾಗ ನಮ್ಮ ಹತ್ತಿರ ಕೇಳಲು ಬರುತ್ತೀರಿ, ಸಂತೋಷ. ಅದನ್ನು ಇಂಗ್ಲಿಷಿನಲ್ಲಿ ಎಲ್ಲ ಕಡೆಯೂ ಒಂದೇ ರೀತಿ ಬರೆಸುವುದನ್ನೂ ಅದೇ ದಿನ ತೀರ್ಮಾನ ಮಾಡಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಮಗೆ ತಾಲೂಕು ಕಚೇರಿವರೆಗೆ ಹೋಗಬೇಕೆಂದೂ ಇಲ್ಲ, ಕೊಕ್ಕಡ ಹೋಬಳಿಯ ನಾಡಕಚೇರಿ ಇಲ್ಲೇ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದು ಮೊದಲೇ ನೋಡಿಸಿ. ಫಲಿತಾಂಶ ಬಂದು, ಅಡ್ಮಿಶನ್ ಗಡಿಬಿಡಿಯಲ್ಲಿ ಓಡುವ ಹೊತ್ತಿಗೆ ಇವೆಲ್ಲ ಆಗುವ ಕೆಲಸ ಅಲ್ಲ.

ಇಷ್ಟೆಲ್ಲ ಮಾಡಿದರೂ ಸಿಗುವುದು ಸಣ್ಣ ಮೊತ್ತವೇ ಅಲ್ಲವಾ ಎಂದು ಕೇಳಬಹುದು. ಹೌದು. ಅದಕ್ಕೇ ಎರಡು ಕಡೆಯಿಂದ ಕೆಲಸ ಆಗಬೇಕು.

ಹಿಂದೆ ನಮ್ಮ ಪಳ್ಳಿ ದರ್ಸ್‌ಗಳು ನಡೆದದ್ದು ಹೇಗೆ? ಮಡಿಕೆಯಲ್ಲಿ ಇದ್ದ ಗಂಜಿಯಲ್ಲೇ ಒಂದು ಪಾಲು ದೂರದ ಊರಿನಿಂದ ಬಂದ ಮುತಅಲ್ಲಿಮ್‌ಗೆ ತೆಗೆದಿಡುತ್ತಿದ್ದರು. ಮನೆಗೊಬ್ಬ ಎಂದು ಹಂಚಿಕೊಳ್ಳುತ್ತಿದ್ದರು, ಮನೆಯವರು ಶ್ರೀಮಂತರೇನೂ ಆಗಿರಲಿಲ್ಲ. ಹಾಗೆ ಊಟ ಮಾಡಿ ಕಲಿತವರೇ ಆಮೇಲೆ ಊರೂರಿನ ಖತೀಬರಾದರು. ಬಿ.ಕಾಂ ಓದುವ ಹುಡುಗನೂ ಕಲಿಯಲು ಊರು ಬಿಟ್ಟವನೇ. ಕಾಲೇಜು ಇರುವ ಪೇಟೆಯ ಜಮಾಅತ್‌ಗಳು ಮಧ್ಯಾಹ್ನ ಇಪ್ಪತ್ತು ಮಕ್ಕಳಿಗೆ ಅನ್ನ ಸಾರು ಹಾಕುವುದು ಆಗದ ಮಾತಲ್ಲ. ಮೀಲಾದಿಗೆ, ಉರೂಸಿಗೆ ಚೆಂಬುಗಟ್ಟಲೆ ನೈಚೋರು ಬೇಯಿಸುವ ಕೈಗಳು ನಮ್ಮಲ್ಲಿವೆ. ಮದುವೆಯ ಮರುದಿನ ಉಳಿದ ಬಿರಿಯಾನಿಯನ್ನು ಎಲ್ಲಿ ಸುರಿಯುತ್ತೇವೆ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಹಾಗಂತ ಜಮಾಅತ್ ಅನ್ನ ಹಾಕುತ್ತದೆ ಎಂದು ಸರಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮಸೀದಿಯ ಊಟ ನಮ್ಮ ಪ್ರೀತಿ, ವಿದ್ಯಾಸಿರಿ ಮಕ್ಕಳ ಹಕ್ಕು. ಅದು ಎಲ್ಲ ಬಡ ಮಕ್ಕಳ ಹಕ್ಕು, ಬಿಲ್ಲವರ ಮನೆಯ ಹುಡುಗನದ್ದೂ ಹೌದು, ಕುಂಬಾರರ ಮನೆಯ ಹುಡುಗಿಯದ್ದೂ ಹೌದು. ಶಾಸಕರ ಹತ್ತಿರ ಹೋಗುವಾಗ ಅವರ ಉಪ್ಪಂದಿರನ್ನೂ ಜೊತೆಗೆ ಕರೆದುಕೊಂಡು ಹೋದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಕೇಳಬೇಕಾದದ್ದು ಮೂರೇ: ಹಾಸ್ಟೆಲ್ ಮಕ್ಕಳ ಊಟದ ಖರ್ಚು ಏರಿದಾಗ ಇದೂ ಏರಬೇಕು, ಬಾಡಿಗೆಗೆ ಬೇರೆ ಲೆಕ್ಕ ಇರಬೇಕು, ಹಣ ಪರೀಕ್ಷೆ ಮುಗಿದ ಮೇಲೆ ಅಲ್ಲ, ತಿಂಗಳು ತಿಂಗಳು ಬರಬೇಕು.

ಆ ಹುಡುಗನ ಹಾಸ್ಟೆಲ್ ಅರ್ಜಿಗೆ ಬೇಕಾದ ಕಾಗದಗಳನ್ನು ಈ ಸಲ ಮದ್ರಸದ ಮೇಜಿನ ಮೇಲೆ ಇಟ್ಟು ನಾವಿಬ್ಬರೂ ನೋಡಿದೆವು. ಆಧಾರಿನಲ್ಲಿ ಅವನ ಹೆಸರಿನ ಒಂದು ಅಕ್ಷರ ಹೆಚ್ಚಿದೆ. ಅದನ್ನು ತಿದ್ದಿಸಲು ಸೋಮವಾರ ಹೋಗುತ್ತಾನೆ.