ಕೆಟ್ಟ ಆಟದ ಯಂತ್ರಕ್ಕೆ ಬೆಂಕಿಯ ಚಿಕಿತ್ಸೆ

ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಅದನ್ನು ಒಡನೆಯೇ ಹೊರಗೆಸೆಯದೆ, ಸರಿಪಡಿಸಿ ಬಳಸುವುದು ನಮ್ಮ ಹಿರಿಯರ ಪದ್ಧತಿ. ತೂತುಬಿದ್ದ ಕೊಡಕ್ಕೆ ಬೆಸುಗೆ, ಸವೆದ ಕುಡುಗೋಲಿಗೆ ಸಾಣೆ, ಹರಿದ ಚಾಪೆಗೆ ಹೊಲಿಗೆ: ಇವೆಲ್ಲ ಮಿತವ್ಯಯದ ಲಕ್ಷಣಗಳು; ಶ್ಲಾಘ್ಯವಾದ ಗುಣಗಳು. ಆದರೆ ದುರಸ್ತಿಯೆಂಬ ಹೆಸರಿನಲ್ಲಿ ನಡೆಯುವುದೆಲ್ಲವೂ ದುರಸ್ತಿಯಲ್ಲವೆಂಬುದನ್ನು ಮರೆಯಬಾರದು. ಇಂತಹ ಹುಸಿ ದುರಸ್ತಿಗಳಲ್ಲಿ ಒಂದು, ಟೆಲಿವಿಷನ್ನಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಕ್ಕೆ ಕಾವು ಕೊಡುವುದು. ಯಂತ್ರವನ್ನು ದಪ್ಪ ಟವಲುಗಳಲ್ಲಿ ಸುತ್ತಿ ಚಾಲೂ ಮಾಡಿ ಬಿಡುವುದು, ಒಳಗಿನ ಫಲಕವನ್ನು ಬಿಚ್ಚಿ ಅಡುಗೆಯ ಓವನ್ನಿನಲ್ಲಿಟ್ಟು ಬೇಯಿಸುವುದು, ಬಣ್ಣ ಕೀಳುವ ಬಿಸಿಗಾಳಿಯ ಗನ್ನನ್ನು ಅದರ ಮೇಲೆ ಹಿಡಿಯುವುದು, ಹೀಗೆ ಇದಕ್ಕೆ ಹಲವು ರೂಪಗಳುಂಟು. ಇವುಗಳಿಂದ ಸತ್ತ ಯಂತ್ರ ಕೆಲವೊಮ್ಮೆ ಕಣ್ಣು ತೆರೆಯುವುದೂ ನಿಜ. ಏಕೆ ಕಣ್ಣು ತೆರೆಯುತ್ತದೆ, ಮತ್ತೆ ಏಕೆ ಮುಚ್ಚುತ್ತದೆ, ಇದರಲ್ಲಿರುವ ಅಪಾಯವೇನು ಎಂಬುದನ್ನು ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ತಿಳಿದಿರುವುದು ಒಳ್ಳೆಯದು.

ಮೊದಲು ಈ ಕಥೆಯ ಹಿನ್ನೆಲೆಯನ್ನು ನೋಡೋಣ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರವನ್ನು 2005ನೆಯ ಇಸವಿಯ ನವೆಂಬರಿನಲ್ಲಿ ಹೊರತಂದಿತು. ಮರುವರ್ಷ ಅದು ಭಾರತಕ್ಕೂ ಬಂದಿತು. ಅದರ ಮುಂಭಾಗದ ಗುಂಡಿಯ ಸುತ್ತ ನಾಲ್ಕು ಭಾಗಗಳಾಗಿ ಬೆಳಗುವ ಹಸಿರು ದೀಪದ ಬಳೆಯೊಂದಿತ್ತು. ಸ್ವಲ್ಪ ಕಾಲದಲ್ಲಿಯೇ ಅನೇಕರ ಮನೆಗಳಲ್ಲಿ ಆ ಬಳೆಯ ಮೂರು ಭಾಗಗಳು ಕೆಂಪಾಗಿ ಮಿನುಗತೊಡಗಿ ಯಂತ್ರವು ನಿಂತುಹೋಯಿತು. ಜನರು ಇದಕ್ಕೆ ‘ಸಾವಿನ ಕೆಂಪು ಬಳೆ’ ಎಂದೇ ಹೆಸರಿಟ್ಟರು. ದೂರುಗಳು ಹೆಚ್ಚಲು, 2007ರ ಜುಲೈ ತಿಂಗಳಲ್ಲಿ ಸಂಸ್ಥೆಯು ಈ ದೋಷಕ್ಕೆ ಮಾತ್ರ ಖಾತರಿಯ ಅವಧಿಯನ್ನು ಮೂರು ವರ್ಷಗಳಿಗೆ ಹೆಚ್ಚಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮೀರಿದ ಹಣವನ್ನು ತೆಗೆದಿರಿಸಿತು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 3 ಎಂಬ ಯಂತ್ರದಲ್ಲಿಯೂ ಹಳದಿ ದೀಪ ತೋರಿ ಸ್ತಬ್ಧವಾಗುವ ಇಂತಹುದೇ ತೊಂದರೆ ಕಂಡುಬಂದಿತು. ಖಾತರಿ ಮುಗಿದ ಯಂತ್ರಗಳ ಒಡೆಯರು ತಾವೇ ಉಪಾಯಗಳನ್ನು ಹುಡುಕತೊಡಗಿದರು. ಟವಲು, ಓವನ್ನು, ಬಿಸಿಗಾಳಿಗಳ ಚಿಕಿತ್ಸೆ ಹಬ್ಬಿದ್ದು ಹೀಗೆ. ಅಂತಹ ಹಳೆಯ ಯಂತ್ರಗಳು ಇಂದಿಗೂ ನಗರದ ಬಂಧುಗಳ ಮನೆಯಿಂದಲೋ ಹಳೆಯ ಸಾಮಾನಿನ ಅಂಗಡಿಯಿಂದಲೋ ಮಕ್ಕಳ ಕೈಸೇರುವುದುಂಟು. ಅವುಗಳ ಬೆನ್ನಹಿಂದೆಯೇ ಈ ಉಪಾಯಗಳೂ ಬರುವುವು.

ಈಗ ರೋಗದ ಮೂಲಕ್ಕೆ ಬರೋಣ. ಯಂತ್ರದೊಳಗೆ ಒಂದು ಅಗಲವಾದ ಫಲಕವಿದ್ದು, ಅದರ ಮೇಲೆ ಲೆಕ್ಕಮಾಡುವ ಮತ್ತು ಚಿತ್ರ ರಚಿಸುವ ಚಿಪ್ಪುಗಳು ಕುಳಿತಿರುವುವು. ಚಿಪ್ಪಿನ ಹೃದಯವು ಸಿಲಿಕಾನಿನ ಒಂದು ತೆಳುವಾದ ಬಿಲ್ಲೆ. ಈ ಬಿಲ್ಲೆಯು ಕೂದಲೆಳೆಯಷ್ಟು ದಪ್ಪದ ನೂರಾರು ಬೆಸುಗೆಯ ಹನಿಗಳ ಮೂಲಕ ತನ್ನ ಪೀಠಕ್ಕೆ ಅಂಟಿರುತ್ತದೆ; ಆ ಪೀಠವು ಅದಕ್ಕಿಂತ ದೊಡ್ಡವಾದ ಬೆಸುಗೆಯ ಗುಂಡುಗಳಿಂದ ಫಲಕಕ್ಕೆ ಅಂಟಿರುತ್ತದೆ. ವಿದ್ಯುತ್ತು ಹರಿಯುವುದು ಈ ಹನಿಗುಂಡುಗಳ ಮೂಲಕವೇ. ಇವುಗಳಲ್ಲಿ ಒಂದು ಬಿರಿದರೂ ಯಂತ್ರವು ಮೂಕವಾಗಬಹುದು.

ಬಿರಿಯುವುದಾದರೂ ಏಕೆ? ಕಾದರೆ ವಸ್ತುಗಳು ಹಿಗ್ಗುತ್ತವೆ, ತಣಿದರೆ ಕುಗ್ಗುತ್ತವೆ ಎಂಬುದು ಪಾಠದ ಪುಸ್ತಕದಲ್ಲಿ ಓದಿದ ಮಾತು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಮ್ಮಾರನು ಕೆಂಪಗೆ ಕಾಯಿಸಿ ಏಕೆ ತೊಡಿಸುತ್ತಾನೆ? ಕಾದಾಗ ಹಿಗ್ಗಿದ ಪಟ್ಟಿಯು ನೀರು ಹೊಯ್ದೊಡನೆ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯಲೆಂದು. ಮಂತ್ರಾಲಯ ರೋಡ್, ಆದವಾನಿಗಳ ಮೂಲಕ ಗುಂತಕಲ್ಲಿಗೆ ಹೋಗುವಂತಹ ರೈಲುಮಾರ್ಗದಲ್ಲಿ 13 ಮೀಟರ್ ಉದ್ದದ ಒಂದು ಬಿಡಿ ಹಳಿಯು 40 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 6 ಮಿಲಿಮೀಟರ್ ಬೆಳೆಯುವುದು. ಹಿಂದಿನ ಕಾಲದ ಹಳಿಗಳ ನಡುವೆ ಸಂದು ಬಿಡುತ್ತಿದ್ದುದು ಇದಕ್ಕಾಗಿಯೇ. ಆದರೆ ಎಲ್ಲ ವಸ್ತುಗಳೂ ಸಮನಾಗಿ ಹಿಗ್ಗುವುದಿಲ್ಲ. ಒಂದೇ ಪ್ರಮಾಣದ ಕಾವಿಗೆ ಸಿಲಿಕಾನು ಒಂದು ಪಾಲು ಹಿಗ್ಗಿದರೆ ಅದರ ಕೆಳಗಿನ ಪೀಠವೂ ಫಲಕವೂ ಸುಮಾರು ಐದು ಪಾಲು ಹಿಗ್ಗುವುವು. ವ್ಯತ್ಯಾಸವು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟೇ ಇರಬಹುದು. ಆದರೆ ನಡುವೆ ಸಿಕ್ಕಿದ ಬೆಸುಗೆಯ ಹನಿಗೆ ಅದೇ ದೊಡ್ಡ ಎಳೆದಾಟ. ಆಟ ತೊಡಗಿದಾಗ ಕಾವು, ನಿಲ್ಲಿಸಿದಾಗ ತಂಪು. ಹೀಗೆ ದಿನವೂ ಎಳೆದಾಡಿಸಿಕೊಂಡ ಬೆಸುಗೆಯು, ಹಿಂದುಮುಂದು ಬಗ್ಗಿಸಿದ ತಂತಿಯು ಕೊನೆಗೆ ಮುರಿಯುವಂತೆ, ಒಂದು ದಿನ ಬಿರಿಯುವುದು. 2021ರಲ್ಲಿ ಎಕ್ಸ್‌ಬಾಕ್ಸಿನ ಚರಿತ್ರೆಯನ್ನು ಕುರಿತು ಹೊರಬಂದ ಸಾಕ್ಷ್ಯಚಿತ್ರದಲ್ಲಿ ಸಂಸ್ಥೆಯ ಕಡೆಯವರೇ ಹೇಳಿದ ಕಾರಣವೂ ಇದೇ: ಮತ್ತೆ ಮತ್ತೆ ಕಾದು ತಣಿಯುವುದರಿಂದ ಚಿಪ್ಪಿನ ಒಳಗಿನ ಸಂಪರ್ಕಗಳು ಮುರಿಯುತ್ತಿದ್ದುವು.

ಇದರೊಡನೆ ಇನ್ನೊಂದು ಸಂಗತಿಯೂ ಕೂಡಿತು. ತವರವು 232 ಡಿಗ್ರಿಯಲ್ಲಿಯೂ ಸೀಸವು 327 ಡಿಗ್ರಿಯಲ್ಲಿಯೂ ಕರಗುವುವು; ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದ ಮಿಶ್ರಣವು ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಯಲ್ಲಿಯೇ ಕರಗುವುದು. ದಶಕಗಳ ಕಾಲ ರೇಡಿಯೋ ಮುಂತಾದುವುಗಳ ಬೆಸುಗೆ ಇದೇ ಆಗಿತ್ತು. ಸೀಸವು ವಿಷವಾದುದರಿಂದ ಯೂರೋಪಿನ ದೇಶಗಳು 2006ರ ಜುಲೈ 1ರಿಂದ ವಿದ್ಯುತ್ ಉಪಕರಣಗಳಲ್ಲಿ ಅದರ ಬಳಕೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿದುವು. ತಯಾರಕರು ತವರ, ಬೆಳ್ಳಿ, ತಾಮ್ರಗಳ ಹೊಸ ಬೆಸುಗೆಗೆ ತಿರುಗಿದರು. ಇದು ಸುಮಾರು 217 ಡಿಗ್ರಿಯ ಮೇಲೆ ಕರಗುವುದು. ಹಳೆಯದಕ್ಕಿಂತ ಗಡುಸು, ಎಳೆದಾಟಕ್ಕೆ ಬಾಗುವುದು ಕಡಮೆ. ಸೀಸವನ್ನು ಬಿಟ್ಟುದು ತಪ್ಪಲ್ಲ. ಹೊಸ ಲೋಹದ ಸ್ವಭಾವವನ್ನು ಅರಿಯುವುದಕ್ಕೆ ಕೈಗಾರಿಕೆಗೆ ಕಾಲ ಹಿಡಿಯಿತು.

ಈ ಅಂಕೆಗಳನ್ನು ಮನಸ್ಸಿನಲ್ಲಿಟ್ಟು ಟವಲಿನ ಉಪಾಯವನ್ನು ಪರೀಕ್ಷಿಸೋಣ. ಬಟ್ಟೆ ಸುತ್ತಿದ ಯಂತ್ರದ ಒಳಗೆ ಗಾಳಿಯಾಡದೆ ಕಾವು ಏರುವುದು ನಿಜ. ಆದರೆ ಬೆಸುಗೆ ಕರಗಬೇಕಾದ 217 ಡಿಗ್ರಿಯ ಹತ್ತಿರಕ್ಕೂ ಅದು ಹೋಗಲಾರದು. ಅಂದಮೇಲೆ ಯಾವುದೂ ಕರಗಿ ಕೂಡಿಲ್ಲ. ಹಾಗಿದ್ದೂ ಯಂತ್ರವು ನಡೆಯುವುದೇಕೆಂದರೆ, ಹಿಗ್ಗಿದ ಫಲಕವು ಸ್ವಲ್ಪ ಬಾಗಿ, ಬಿರುಕಿನ ಎರಡು ಮುಖಗಳು ಒಂದನ್ನೊಂದು ಮುಟ್ಟುವುವು. ಹಳತಾದ ಕೆಪಾಸಿಟರುಗಳು ಬಿಸಿಯಲ್ಲಿ ತುಸು ಚೆನ್ನಾಗಿ ಕೆಲಸ ಮಾಡುವುದೂ ಕೆಲವೊಮ್ಮೆ ಕಾರಣವಾದೀತು. ಮುಟ್ಟಿದುದು ಕೂಡಿದಂತಲ್ಲ. ಕೆಲವು ದಿನಗಳಲ್ಲಿ, ಕೆಲವೊಮ್ಮೆ ಕೆಲವು ಗಂಟೆಗಳಲ್ಲಿಯೇ, ಬಿರುಕು ಮತ್ತೆ ತೆರೆಯುವುದು. ಈ ಸಲ ಮೊದಲಿಗಿಂತ ಅಗಲವಾಗಿ. ಯಾವ ಕಾವು ರೋಗವನ್ನು ತಂದಿತೋ ಅದನ್ನೇ ಮದ್ದೆಂದು ಕುಡಿಸಿದಂತಾಯಿತು.

ಓವನ್ನಿನಲ್ಲಿ ಬೇಯಿಸಿದರೆ ಬೆಸುಗೆ ಕರಗೀತಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಕಲಾಯಿಗಾರನಿಂದ ಕಲಿಯೋಣ. ಅವನು ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ ಸುಮ್ಮನೆ ತವರ ಸುರಿಯುವುದಿಲ್ಲ. ಮೊದಲು ಪಾತ್ರೆಯನ್ನು ಉಜ್ಜಿ ತೊಳೆಯುತ್ತಾನೆ. ಕಾದ ಮೇಲೆ ನವಸಾಗರವನ್ನು ಉದುರಿಸಿ ಲೋಹದ ಮೇಲಿನ ಕಿಲುಬನ್ನು ಕಳೆಯುತ್ತಾನೆ. ಆಮೇಲೆಯೇ ತವರವನ್ನು ಸವರುತ್ತಾನೆ. ಕಿಲುಬಿರುವಲ್ಲಿ ತವರ ಹಿಡಿಯದು. ಬಿರಿದ ಬೆಸುಗೆಯ ಮುಖಗಳ ಮೇಲೆಯೂ ಗಾಳಿಯ ಸಂಪರ್ಕದಿಂದ ಇಂತಹ ಪೊರೆ ಕಟ್ಟಿರುತ್ತದೆ. ಅದನ್ನು ಕಳೆಯದೆ ಬರಿದೆ ಬೇಯಿಸಿದರೆ ಸರಿಯಾದ ಬೆಸುಗೆ ಆಗುವುದೆಂಬ ಭರವಸೆಯಿಲ್ಲ. ಮೇಲಾಗಿ ಬಿರುಕು ಸಿಲಿಕಾನಿನ ಬಿಲ್ಲೆಯ ಕೆಳಗೆ, ಚಿಪ್ಪಿನ ಒಳಗೇ ಇದ್ದರೆ ಹೊರಗಿನ ಗುಂಡುಗಳನ್ನು ಕರಗಿಸಿ ಫಲವೇನು?

ಅಪಾಯಗಳಾದರೋ ಹಲವು. ಟವಲು ಸುತ್ತಿದ ಯಂತ್ರದಲ್ಲಿ ಬಟ್ಟೆ ಕರಟಿ ಬೆಂಕಿ ಹತ್ತಬಹುದು. ಮಕ್ಕಳು ಅದನ್ನು ಹಾಸಿಗೆಯ ಮೇಲಿಟ್ಟು ಬೇರೆ ಕಡೆ ಹೋದರೆ ಕೇಳುವುದೇ ಬೇಡ. ಫಲಕದ ಮೇಲಿನ ಅನೇಕ ಕೆಪಾಸಿಟರುಗಳು 85 ಅಥವಾ 105 ಡಿಗ್ರಿಯನ್ನು ಮೀರದಂತೆ ರಚಿತವಾದುವು. ಅವನ್ನು 200 ಡಿಗ್ರಿಯಲ್ಲಿ ಬೇಯಿಸಿದರೆ ಉಬ್ಬಿ ಒಡೆದು ಕಾದ ದ್ರವ ಸಿಡಿಯಬಹುದು. ತೆಗೆಯಲು ಮರೆತ ಬಿಲ್ಲೆಯಾಕಾರದ ಬ್ಯಾಟರಿಯೂ ಸಿಡಿಯುವುದು. ಬಿಸಿಗಾಳಿಯ ಗನ್ನಿನ ಕಾವು 500 ಡಿಗ್ರಿಗೂ ಏರಬಲ್ಲುದು. ಒಂದೇ ಕಡೆ ಕಾದ ಫಲಕವು ಬಾಗಿ, ಪದರಗಳು ಬಿಡುವುವು. ಕಾದ ಪ್ಲಾಸ್ಟಿಕ್ಕು, ರಾಳ, ಬೆಂಕಿನಿರೋಧಕ ರಾಸಾಯನಿಕಗಳಿಂದ ಏಳುವ ಹೊಗೆಯು ಶ್ವಾಸಕ್ಕೆ ಕೆಟ್ಟದು. ಅದರ ಲೇಪವು ಓವನ್ನಿನ ಗೋಡೆಗಳಲ್ಲಿ ಉಳಿದು ಮರುದಿನದ ಅಡುಗೆಯನ್ನು ಸೇರೀತು. ಹಳೆಯ ಫಲಕಗಳಲ್ಲಿ ಸೀಸವೂ ಇರುವುದು; ಸೀಸದ ಧೂಳು ಎಳೆಯ ಮಕ್ಕಳ ಮಿದುಳಿಗೆ ಹಾನಿ. ಇನ್ನು ವಿದ್ಯುತ್ತಿನ ಮಾತು: ನಮ್ಮ ಮನೆಗಳ 230 ವೋಲ್ಟಿನ ಪೂರೈಕೆಯಿಂದ ಯಂತ್ರದ ವಿದ್ಯುತ್ ಘಟಕದಲ್ಲಿರುವ ದೊಡ್ಡ ಕೆಪಾಸಿಟರು 300 ವೋಲ್ಟಿಗೂ ಮೀರಿ ತುಂಬಿರುತ್ತದೆ, ತಂತಿಯನ್ನು ಕಿತ್ತ ಮೇಲೆಯೂ ಸ್ವಲ್ಪ ಹೊತ್ತು ಆ ಶಕ್ತಿ ಅಲ್ಲಿಯೇ ಅಡಗಿರಬಹುದು. ಹಳೆಯ ಆಟಿಕೆಯೊಂದಕ್ಕಾಗಿ ಇಷ್ಟನ್ನೆಲ್ಲ ಪಣಕ್ಕೊಡ್ಡುವುದು ಮೂಗಿಗಿಂತ ಮೂಗುತಿ ಭಾರವಾದಂತೆ.

ಹಾಗಾದರೆ ಬಲ್ಲವರು ಕಾವನ್ನು ಬಳಸುವುದೇ ಇಲ್ಲವೇ? ಬಳಸುವರು, ಆದರೆ ಅಳತೆಯಿಂದ. ಇದಕ್ಕೆಂದೇ ರಚಿತವಾದ ಯಂತ್ರದಲ್ಲಿ ಫಲಕವನ್ನು ಕೆಳಗಿನಿಂದ ನಿಧಾನವಾಗಿ ಕಾಯಿಸಿ, ಬೆಸುಗೆಯ ದ್ರಾವಕವನ್ನು ಬಳಸಿ, ಕಾವನ್ನು ಹೆಜ್ಜೆಹೆಜ್ಜೆಗೆ ಅಳೆಯುತ್ತ ಚಿಪ್ಪನ್ನು ಎತ್ತಿ, ಹಳೆಯ ಬೆಸುಗೆಯನ್ನು ಒರೆಸಿ ಹೊಸ ಗುಂಡುಗಳನ್ನು ಕೂರಿಸುವರು. ದೋಷವು ಚಿಪ್ಪಿನ ಒಳಗಿದ್ದರೆ ಚಿಪ್ಪನ್ನೇ ಬದಲಿಸುವರು. ದುರಸ್ತಿಗಾರನಲ್ಲಿಗೆ ಹೋದಾಗ ತಂದೆಯಾದವರು ಕೇಳಬೇಕಾದ ಪ್ರಶ್ನೆಗಳು ಮೂರು: ದೋಷ ಎಲ್ಲಿದೆಯೆಂದು ಹೇಗೆ ಕಂಡುಹಿಡಿದಿರಿ? ಬರಿದೆ ಕಾಯಿಸುವಿರೋ, ಬಿಡಿಭಾಗ ಬದಲಿಸುವಿರೋ? ಕೆಲಸಕ್ಕೆ ಎಷ್ಟು ತಿಂಗಳ ಖಾತರಿ? ‘ಸ್ವಲ್ಪ ಬಿಸಿ ತೋರಿಸಿದರೆ ಆಗುತ್ತದೆ’ ಎಂಬ ಉತ್ತರ ಬಂದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಅಂಗಡಿಯಿಂದ ಹಳೆಯ ಯಂತ್ರವನ್ನು ಕೊಳ್ಳುವಾಗಲೂ ಒಂದೆರಡು ಗಂಟೆ ನಡೆಸಿ, ತಣಿಸಿ, ಮತ್ತೆ ನಡೆಸಿ ನೋಡತಕ್ಕದ್ದು. ನಿನ್ನೆ ಕಾವು ಕೊಟ್ಟ ಯಂತ್ರವು ಇಂದು ಚೆನ್ನಾಗಿಯೇ ಕಾಣುವುದು.

ರೋಗ ಬಂದ ಮೇಲೆ ಪರಿತಪಿಸುವುದಕ್ಕಿಂತ ಬಾರದಂತೆ ಕಾಯುವುದು ಸುಲಭ. ನಮ್ಮ ಆದವಾನಿ, ಮಂತ್ರಾಲಯದ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಇಂತಹ ಯಂತ್ರಗಳ ಕೈಪಿಡಿಗಳು ಬಹುಮಟ್ಟಿಗೆ ಕೋಣೆಯ ಉಷ್ಣತೆ 35 ಡಿಗ್ರಿಯೊಳಗೆ ಇರಬೇಕೆನ್ನುವುವು. ಆದುದರಿಂದ ಬೇಸಗೆಯ ನಡುಹಗಲಿನಲ್ಲಿ ಆಟ ಬೇಡ. ಆಟಗಾರನಿಗೂ ಅದರಿಂದ ಹಿತವೇ. ಯಂತ್ರದ ಸುತ್ತ ಒಂದು ಗೇಣಿನಷ್ಟಾದರೂ ಬಯಲಿರಲಿ. ಧೂಳು ಬೀಳದಿರಲೆಂದು ಕಸೂತಿಯ ಬಟ್ಟೆ ಹೊದಿಸುವ ಮನೆಗಳುಂಟು. ಯಂತ್ರ ನಡೆಯುವಾಗ ಅದನ್ನು ತಪ್ಪದೆ ತೆಗೆಯಬೇಕು. ತಂತಿ ಕಿತ್ತು, ಗಾಳಿಕಿಂಡಿಗಳ ಧೂಳನ್ನು ಮೆತ್ತನೆಯ ಕುಂಚದಿಂದ ತಿಂಗಳಿಗೊಮ್ಮೆ ತೆಗೆಯಬೇಕು. ಒಳಗಿನ ಬೀಸಣಿಗೆಯ ಸದ್ದು ಬದಲಾದರೆ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು.

ಎಲ್ಲ ಜಾಗರೂಕತೆಯ ನಂತರವೂ ಯಂತ್ರವು ಸತ್ತರೆ, ಅದನ್ನು ಕಸದ ಗುಂಡಿಗೆ ಎಸೆಯುವುದಾಗಲಿ ತಾಮ್ರಕ್ಕಾಗಿ ಸುಡುವುದಾಗಲಿ ಕೂಡದು. ವಿದ್ಯುನ್ಮಾನ ತ್ಯಾಜ್ಯದ ನಿರ್ವಹಣೆಗೆ ನಮ್ಮ ದೇಶದಲ್ಲಿ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ತಲಪುವಂತೆ ಅದನ್ನು ಒಪ್ಪಿಸುವುದೇ ಸರಿ.

ಕಡೆಯದಾಗಿ ಒಂದು ಮಾತು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡಬೇಕೆಂಬ ಬಾಲಕ ಬಾಲಕಿಯರ ಕುತೂಹಲವನ್ನು ಹಿರಿಯರು ಗದರಿಸಿ ಆರಿಸಬಾರದು. ನಾಳಿನ ಇಂಜಿನಿಯರರು ಅಲ್ಲಿಂದಲೇ ಹುಟ್ಟುವರು. ಬ್ಯಾಟರಿಯಿಂದ ನಡೆಯುವ ಹಳೆಯ ರೇಡಿಯೋವೊಂದನ್ನು ಹಿರಿಯರೆದುರು ಬಿಚ್ಚಿ, ಪ್ರತಿಯೊಂದು ಭಾಗದ ಕೆಲಸವೇನೆಂದು ಕೇಳಿ ತಿಳಿಯುವುದರಿಂದ ಅವರು ತೊಡಗಲಿ. ಆದರೆ ಕಾರಣವನ್ನು ಅರಿಯದೆ ಮಾಡಿದ ಉಪಾಯವು ಒಮ್ಮೆ ಫಲಿಸಿದ ಮಾತ್ರಕ್ಕೆ ವಿದ್ಯೆಯಾಗದು. ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಹೇಗೆ ಸರಿಪಡಿಸಲಿ ಎಂಬ ಪ್ರಶ್ನೆಗೆ ಕೈಹಾಕುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಒಳ್ಳೆಯ ವಿದ್ಯಾರ್ಥಿಯ ಲಕ್ಷಣವೂ ಅದೇ.