ಕೆಲಸ ಸಿಗದ ದಿನಗಳು: ನಂಬಿಕೊಂಡದ್ದೇನು, ನಿಜವೇನು?

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ, ಬೆಂಗಳೂರಿನ ವಿಜಯನಗರದ ಪಿ.ಜಿ.ಗಳಲ್ಲಿ ಎಷ್ಟೋ ಮಂದಿ ಒಂದು ಫಲಿತಾಂಶಕ್ಕೋ ಒಂದು ಇ-ಮೇಲ್‌ಗೋ ಕಾಯುತ್ತಿರುತ್ತಾರೆ. ಕೆಲವರು ಪದವಿ ಮುಗಿಸಿ ವರ್ಷ ಕಳೆದವರು, ಕೆಲವರು ಇದ್ದ ಕೆಲಸ ಕಳೆದುಕೊಂಡವರು. ಒಂದೆರಡು ಸಲ ‘ಆಗಲಿಲ್ಲ’ ಎಂದರೆ ಯಾರಾದರೂ ತಡೆದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅದೇ ಉತ್ತರ ಬಂದರೆ ಮನಸ್ಸು ಕಾರಣ ಹುಡುಕಿ ಹುಡುಕಿ ಕೊನೆಗೆ ತನ್ನನ್ನೇ ದೂರಿಕೊಳ್ಳುತ್ತದೆ. ಹಾಗೆ ದೂರಿಕೊಳ್ಳಲು ಕುಮ್ಮಕ್ಕು ಕೊಡುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಯೋಗ್ಯತೆ ಇದ್ದವರಿಗೆ ಕೆಲಸ ಸಿಕ್ಕೇ ಸಿಗುತ್ತದೆ. ಸಿಗಲಿಲ್ಲ ಎಂದರೆ ಯೋಗ್ಯತೆ ಇಲ್ಲ.

ಸತ್ಯ: 2023ರ ನಾಗರಿಕ ಸೇವಾ ಪರೀಕ್ಷೆಗೆ 10 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ದಾಟಿ ಸಂದರ್ಶನಕ್ಕೆ ಬಂದವರು 2,855, ಆಯ್ಕೆಯಾದವರು 1,016. ಉಳಿದ 1,839 ಮಂದಿಗೆ ಯೋಗ್ಯತೆ ಇಲ್ಲದಿದ್ದರೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ನಮ್ಮ ರಾಜ್ಯದಲ್ಲೇ 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿದವರು ಕಳೆದುಕೊಂಡ ಆ ಕಾಲಕ್ಕೂ ಅವರ ಯೋಗ್ಯತೆಗೂ ಯಾವ ಸಂಬಂಧವೂ ಇಲ್ಲ.

ಖಾಸಗಿ ವಲಯದಲ್ಲೂ ಅಷ್ಟೇ. ಸುಖದೇವ್ ಥೋರಟ್ ಮತ್ತು ಪಾಲ್ ಆಟವೆಲ್ ಎಂಬ ವಿದ್ವಾಂಸರು ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ಓದು, ಅನುಭವ ಇರುವ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಮೇಲ್ಜಾತಿ ಹೆಸರಿನವಕ್ಕಿಂತ ಕಡಿಮೆ ಕರೆ ಬಂದಿತ್ತು.

ಹಾಗೆಂದು ಎಲ್ಲವನ್ನೂ ಹಣೆಬರಹಕ್ಕೆ ಬಿಡಬೇಕಿಲ್ಲ. ಎಲ್ಲಿ ನಿಲ್ಲುತ್ತಿದ್ದೀರಿ ಎಂದು ಗಮನಿಸಿ. ಕರೆಯೇ ಬರುತ್ತಿಲ್ಲವಾದರೆ ರೆಸ್ಯೂಮೆ ತಿದ್ದಬೇಕು, ಇಲ್ಲವೇ ಆರಿಸಿಕೊಳ್ಳುತ್ತಿರುವ ಹುದ್ದೆ ಬದಲಿಸಬೇಕು. ಟೆಕ್ನಿಕಲ್ ಸುತ್ತಿನಲ್ಲಿ ನಿಂತರೆ ವಿಷಯವನ್ನು ಇನ್ನಷ್ಟು ಓದಬೇಕು. ಎಚ್‌ಆರ್ ಸುತ್ತಿನವರೆಗೂ ಹೋಗಿ ಬರುತ್ತಿದ್ದೀರಾದರೆ ಓದು ಸಾಕಷ್ಟಿದೆ. ಮಾತು, ಸಂಬಳದ ನಿರೀಕ್ಷೆ, ಸೇರುವ ದಿನಾಂಕದಂಥ ಸಣ್ಣ ವಿಷಯಗಳನ್ನು ನೋಡಿಕೊಳ್ಳಿ.

ತಪ್ಪು ಕಲ್ಪನೆ 2: ಸಿಕ್ಕಲ್ಲೆಲ್ಲ ಅರ್ಜಿ ಹಾಕುತ್ತಿರಬೇಕು, ಯಾವುದಾದರೂ ಒಂದು ಹತ್ತುತ್ತದೆ.

ಸತ್ಯ: ಒಂದೇ ರೆಸ್ಯೂಮೆಯನ್ನು ಕಂಡ ಕಂಡ ಪೋರ್ಟಲ್‌ಗಳಿಗೆಲ್ಲ ಹಾಕಿದರೆ ಹೆಚ್ಚುವುದು ತಿರಸ್ಕಾರಗಳ ಸಂಖ್ಯೆ ಮಾತ್ರ. ಅದರ ಬದಲು ಪರಿಚಯದವರನ್ನು ಕೇಳಿ ನೋಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ಸುಮಾರಿಗೆ ಅಮೆರಿಕದ ಬೋಸ್ಟನ್ ಬಳಿ, ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಮಾತನಾಡಿಸಿದರು. ಹೆಚ್ಚಿನವರಿಗೆ ಸುಳಿವು ಕೊಟ್ಟವರು ಆಪ್ತರಾಗಿರಲಿಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರಾಗಿದ್ದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಆಪ್ತ ಸ್ನೇಹಿತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಿಂದ ಬರುತ್ತದೆ.

ಹಾಗಾಗಿ ಕಾಲೇಜಿನ ಸೀನಿಯರ್‌ಗೋ ಊರಿನ ಪರಿಚಯದವರಿಗೋ ಸಂಕೋಚ ಬಿಟ್ಟು ನಾಲ್ಕು ಸಾಲು ಬರೆಯಿರಿ: ‘ಅಣ್ಣಾ, ನಾನು ನಿಮ್ಮ ಕಾಲೇಜಿನವನೇ, ಎರಡು ವರ್ಷ ಜೂನಿಯರ್. ಟೆಸ್ಟಿಂಗ್ ಕಲಿತಿದ್ದೀನಿ, ಒಂದು ಪ್ರಾಜೆಕ್ಟ್ ಮಾಡಿದ್ದೀನಿ. ನಿಮ್ಮ ಟೀಮ್‌ನಲ್ಲಿ ಫ್ರೆಷರ್‌ಗಳನ್ನ ತಗೊಳ್ತಾರಾ? ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ?’ ‘ಎಲ್ಲಾದ್ರೂ ಒಂದು ಕೆಲಸ ಕೊಡ್ಸಿ’ ಎನ್ನುವುದಕ್ಕಿಂತ ಇದಕ್ಕೆ ಉತ್ತರ ಕೊಡುವುದು ಸುಲಭ.

ತಪ್ಪು ಕಲ್ಪನೆ 3: ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ನೋವು ತೋಡಿಕೊಳ್ಳಬಾರದು.

ಸತ್ಯ: ಅಮೆರಿಕದಲ್ಲಿ ಕೆಲಸ ಕಳೆದುಕೊಂಡ 63 ವೃತ್ತಿಪರರ ಮೇಲೆ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದ ಬಗ್ಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದರು. ಎಂಟು ತಿಂಗಳ ಹೊತ್ತಿಗೆ ಆ ಗುಂಪಿನ ಅರ್ಧಕ್ಕೂ ಹೆಚ್ಚು ಮಂದಿ ಕೆಲಸದಲ್ಲಿದ್ದರು. ಹಾಗೆ ಬರೆಯದವರಲ್ಲಿ ಆ ಪ್ರಮಾಣ ತೀರಾ ಕಡಿಮೆ. ಬರೆದವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಅಧ್ಯಯನದ ಗುಂಪು ಚಿಕ್ಕದು, ನಿಜ. ಆದರೂ ಒಳಗಿನ ಸಿಟ್ಟು ಒಳಗೇ ಉಳಿದರೆ ಅದು ಸಂದರ್ಶನದಲ್ಲಿ ‘ಹಿಂದಿನ ಕೆಲಸ ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ದನಿಯಲ್ಲಿ ಹೊರಬೀಳುತ್ತದೆ. ಮಿಷಿಗನ್ ವಿಶ್ವವಿದ್ಯಾಲಯ ನಿರುದ್ಯೋಗಿಗಳಿಗಾಗಿ ರೂಪಿಸಿದ ‘ಜಾಬ್ಸ್’ ತರಬೇತಿಯಲ್ಲಿಯೂ ತಿರಸ್ಕಾರ ಎದುರಾದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳುವ ಅಭ್ಯಾಸ ಒಂದು ಮುಖ್ಯ ಭಾಗ.

ತಪ್ಪು ಕಲ್ಪನೆ 4: ಕೆಲಸ ಇಲ್ಲದವರಿಗೆ ಬೇಕಾದಷ್ಟು ಸಮಯ ಇರುತ್ತದೆ.

ಸತ್ಯ: ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮರಿಯೆಂತಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿದಾಗ ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿನವರ ದಿನಚರಿಯನ್ನು ಹತ್ತಿರದಿಂದ ದಾಖಲಿಸಿದರು. 1933ರಲ್ಲಿ ಅದು ಪುಸ್ತಕವಾಗಿ ಬಂತು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳು ಹೆಚ್ಚುವ ಬದಲು ಕಡಿಮೆಯಾದವು. ಗಂಡಸರ ನಡಿಗೆಯೇ ನಿಧಾನವಾಯಿತು. ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದರೆ ಹಲವರಿಗೆ ಹೇಳಲು ಏನೂ ನೆನಪಾಗುತ್ತಿರಲಿಲ್ಲ. ಹೊತ್ತಿಗೊಂದು ಕಟ್ಟುಪಾಡು ಇಲ್ಲದಿದ್ದರೆ ಹೀಗಾಗುತ್ತದೆ. ಅದನ್ನು ಸೋಮಾರಿತನ ಎನ್ನಬಾರದು. ಬೆಳಿಗ್ಗೆ ಮೂರು ಗಂಟೆ ಅರ್ಜಿ ಮತ್ತು ತಯಾರಿಗೆ, ಸಂಜೆ ಒಂದು ಗಂಟೆ ಆಟಕ್ಕೋ ನಡಿಗೆಗೋ, ಭಾನುವಾರ ಪೂರ್ತಿ ರಜೆ ಎಂದು ನಿಗದಿ ಮಾಡಿಕೊಳ್ಳಿ. ಮೇಲ್ ನೋಡುವುದಕ್ಕೂ ಹೊತ್ತು ಗೊತ್ತುಮಾಡಿ. ರಾತ್ರಿ ಹನ್ನೊಂದಕ್ಕೆ ಓದಿದ ‘ವಿಷಾದಿಸುತ್ತೇವೆ’ ನಿದ್ದೆಯನ್ನೂ ಕಿತ್ತುಕೊಳ್ಳುತ್ತದೆ.

ತಪ್ಪು ಕಲ್ಪನೆ 5: ರೆಸ್ಯೂಮೆಯಲ್ಲಿ ಗ್ಯಾಪ್ ಬಿದ್ದರೆ ಮುಗಿಯಿತು, ಹೇಗಾದರೂ ಮುಚ್ಚಿಹಾಕಬೇಕು.

ಸತ್ಯ: ಗ್ಯಾಪ್‌ನಿಂದ ತೊಂದರೆ ಇದೆ. ಅಮೆರಿಕದಲ್ಲಿ ಸುಮಾರು 12,000 ಕಾಲ್ಪನಿಕ ರೆಸ್ಯೂಮೆಗಳನ್ನು ಕಳಿಸಿ ನಡೆಸಿದ ಅಧ್ಯಯನದಲ್ಲಿ (2013) ನಿರುದ್ಯೋಗದ ಅವಧಿ ಹೆಚ್ಚಿದಂತೆ ಕರೆಗಳು ಕಡಿಮೆಯಾದವು. ಆದರೆ ಆ ಇಳಿಕೆ ಹೆಚ್ಚಾಗಿ ಮೊದಲ ಎಂಟು ತಿಂಗಳಲ್ಲೇ ಆಗಿತ್ತು. ಆಮೇಲೆ ಅದು ಕುಸಿಯುತ್ತಲೇ ಹೋಗಲಿಲ್ಲ. ಆ ಅವಧಿಯಲ್ಲಿ ಮಾಡಿದ ಕೋರ್ಸ್, ಟ್ಯೂಷನ್, ಅಂಗಡಿಯ ಲೆಕ್ಕ ಏನಿದ್ದರೂ ನೇರವಾಗಿ ಬರೆಯಿರಿ. ನಕಲಿ ಅನುಭವ ಪತ್ರದ ಮೊರೆ ಹೋಗಬೇಡಿ. ಪಿಎಫ್‌ನ ಯುಎಎನ್ ದಾಖಲೆಯಲ್ಲಿ ನೀವು ಎಲ್ಲಿ, ಎಂದಿನಿಂದ ದುಡಿದಿರಿ ಎಂಬುದು ಗೊತ್ತಾಗುತ್ತದೆ. ಸುಳ್ಳು ಬಯಲಾದರೆ ಸಿಕ್ಕ ಕೆಲಸವೂ ಹೋಗುತ್ತದೆ. ಹತಾಶೆಯ ಹೊತ್ತಲ್ಲೇ ‘ರಿಜಿಸ್ಟ್ರೇಷನ್ ಶುಲ್ಕ ಕಟ್ಟಿ, ಆಫರ್ ಲೆಟರ್ ಕೊಡ್ತೀವಿ’ ಎನ್ನುವ ವಂಚಕರು ಗಂಟುಬೀಳುವುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಪ್ಪು ಕಲ್ಪನೆ 6: ಮನೆಯವರು ದಿನಾ ಕೇಳುತ್ತಿದ್ದರೆ ಜವಾಬ್ದಾರಿ ಬರುತ್ತದೆ.

ಸತ್ಯ: ‘ಇವತ್ತೇನಾಯ್ತು?’ ಎಂದು ದಿನವೂ ಕೇಳಿಸಿಕೊಂಡ ಮಗ ಅಥವಾ ಮಗಳು ಮೊದಲು ಸುಳ್ಳು ಹೇಳಲು ಕಲಿಯುತ್ತಾರೆ, ಆಮೇಲೆ ಮಾತು ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ಕೂತು ಮಾತಾಡಿದರೆ ಸಾಕು. ನೆಂಟರ ಮುಂದೆ, ಮದುವೆಮನೆಯಲ್ಲಿ ಆ ವಿಷಯ ಎತ್ತಬೇಡಿ. ಬಸ್ ಚಾರ್ಜು, ಡೇಟಾ ಪ್ಯಾಕ್‌ಗೆ ಪ್ರತಿಸಲ ಕೈಚಾಚುವಂತೆ ಮಾಡದೆ ತಿಂಗಳಿಗಿಷ್ಟು ಎಂದು ಕೊಟ್ಟುಬಿಡಿ. ನಿದ್ದೆ, ಊಟ ಕೆಟ್ಟಿದ್ದರೆ, ‘ನಾನು ಇದ್ದೂ ಪ್ರಯೋಜನವಿಲ್ಲ’ ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಹುಡುಕಾಟ ಎಷ್ಟು ದಿನ ನಡೆಯುತ್ತದೆಂದು ಯಾರೂ ಹೇಳಲಾರರು. ಅಷ್ಟು ದಿನವೂ ಮನೆಯಲ್ಲಿ ಅವರಿಗೆ ಮೊದಲಿನ ಮರ್ಯಾದೆಯೇ ಸಿಗಬೇಕು.