ಮೈಕು ಹತ್ತಿರವಿರಲಿ, ಗೋಡೆ ಮೆತ್ತಗಿರಲಿ

ದೂರದೂರಿನಲ್ಲಿರುವ ಮಗನೊಡನೆ ವಿಡಿಯೋ ಕರೆ ನಡೆಯುವಾಗ ಚಿತ್ರ ಸ್ವಲ್ಪ ಮಸುಕಾದರೂ ತಾಯಿಗೆ ಬೇಸರವಿಲ್ಲ. ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿದರೆ ಮಾತ್ರ ಐದೇ ನಿಮಿಷಕ್ಕೆ ಆಕೆ ಸೋತುಹೋಗುತ್ತಾಳೆ. 2020ರ ಲಾಕ್‌ಡೌನ್ ನಂತರ ಮನೆಯಿಂದಲೇ ಪಾಠ ಹೇಳುವವರು, ಕೆಲಸ ಮಾಡುವವರು, ನೌಕರಿಯ ಸಂದರ್ಶನಕ್ಕೆ ಕೂರುವ ಯುವಜನರು ನಮ್ಮ ನಡುವೆ ಬಹಳ ಮಂದಿ. ಇವರ ಅನ್ನದ ದಾರಿ ಮೇಜಿನ ಮೇಲಿನ ಚಿಕ್ಕ ಮೈಕಿನ ಮೂಲಕ ಹಾದುಹೋಗುತ್ತದೆ.

ಧ್ವನಿ ಸರಿಯಿಲ್ಲವೆಂದ ಕೂಡಲೇ ದುಬಾರಿ ಮೈಕು ಹುಡುಕಲು ಹೊರಡುತ್ತೇವೆ. ಸ್ವಲ್ಪ ತಡೆಯಿರಿ. ಮೊದಲು ದೂರ ಅಳೆಯಿರಿ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬೆಲ್‌ನಷ್ಟು ಏರುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. 60 ಸೆಂಟಿಮೀಟರ್ ದೂರದ ಮೈಕನ್ನು 15ಕ್ಕೆ ತಂದರೆ 12 ಡೆಸಿಬೆಲ್ ಲಾಭ, ಅದೂ ಪುಕ್ಕಟೆ! ಒಂದು ಗೇಣಿಗಿಂತ ತುಸು ಕಡಿಮೆ ಸಾಕು. ಇನ್ನೂ ಹತ್ತಿರವಾದರೆ ಅನೇಕ ಮೈಕುಗಳಲ್ಲಿ ದನಿ ಡೋಲಿನಂತೆ ಗುಂಯ್‌ಗುಡುತ್ತದೆ.

ಅಂಗೈಯನ್ನು ಬಾಯೆದುರು ಹಿಡಿದು ‘ಪಾಪ, ಫಲ, ಭಾಗ್ಯ’ ಎಂದು ಹೇಳಿ ನೋಡಿ. ಕೈಗೆ ತಾಗುವ ಆ ಗಾಳಿಯೇ ಮೈಕಿನಲ್ಲಿ ‘ಧಪ್’ ಎನ್ನುವುದು. ಮಹಾಪ್ರಾಣಗಳಿರುವ ನಮ್ಮ ಭಾಷೆಗೆ ಈ ಕಾಟ ತುಸು ಹೆಚ್ಚೇ. ಮೈಕನ್ನು ಬಾಯಿಗೆ ನೇರವಾಗಿಡದೆ ಕೊಂಚ ಪಕ್ಕಕ್ಕೆ ಸರಿಸಿ, ಮುಖ ಬಾಯಿಯತ್ತ ಇರುವಂತೆ ಓರೆಯಾಗಿಡಿ. ಸ್ಪಂಜಿನ ಟೋಪಿ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನು ಕೋಣೆ. ಟೈಲ್ಸ್ ನೆಲ, ಬೋಳು ಗೋಡೆ ಇರುವಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಝಣಝಣಿಸಿದರೆ ನಿಮ್ಮ ಮಾತೂ ಹಾಗೆಯೇ ಗೋಡೆಗೆ ಬಡಿದು ಮೈಕಿಗೆ ಮರಳುತ್ತದೆ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆಯೇ ಉತ್ತಮ. ಒಂದೇ ದಿಕ್ಕಿನಿಂದ ಹೆಚ್ಚು ಗ್ರಹಿಸುವ ‘ಕಾರ್ಡಿಯಾಯ್ಡ್’ ಮೈಕು ನಿಮ್ಮನ್ನಷ್ಟೇ ಅಲ್ಲ, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ. ಆದ್ದರಿಂದ ಕಂಬಳಿ ತೂಗುಹಾಕಬೇಕಾದುದು ಆ ಗೋಡೆಗೆ. ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ. ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಧೂಳು ಮಾತ್ರ ಗ್ಯಾರಂಟಿ.

ಟೇಬಲ್ ಫ್ಯಾನಿದ್ದರೆ ಇಂಥ ಮೈಕಿನ ಬೆನ್ನಿನ ಕಡೆಗೆ, ಗಾಳಿ ನೇರವಾಗಿ ತಾಗದಂತೆ ದೂರವಿಡಿ. ಮೈಕಿನ ಸ್ಟ್ಯಾಂಡಿನ ಕೆಳಗೆ ಮಡಿಸಿದ ಟವೆಲ್ ಹಾಕಿದರೆ ಕೀಬೋರ್ಡಿನ ಟಕಟಕ ಮೇಜಿನ ಮೂಲಕ ಏರಿ ಬರುವುದು ಕಡಿಮೆಯಾಗುತ್ತದೆ. ಸಾಧಾರಣ ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮೈಕು ಚಾಲೂ ಆದೊಡನೆ ಧ್ವನಿಯ ಗುಣ ಇಳಿಯುತ್ತದೆ. ಸಂದರ್ಶನದ ದಿನ ತಂತಿಯ ಇಯರ್‌ಫೋನೇ ವಾಸಿ.

ರೆಕಾರ್ಡ್ ಮಾಡುವಾಗ ಮಾತಿನ ಏರುದನಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗಿರಲಿ. ಕೆಂಪು ದೀಪ ಮುಟ್ಟಿ ಒಡೆದ ದನಿಯನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಗದ್ದಲ ಅಳಿಸುವ ತಂತ್ರಾಂಶವನ್ನು ಊಟಕ್ಕೆ ಉಪ್ಪಿನಂತೆ ಬಳಸಿ. ಹೆಚ್ಚಾದರೆ ಪದಗಳ ಬಾಲವನ್ನೇ ನುಂಗಿಬಿಡುತ್ತದೆ.

ಈ ಎಲ್ಲಕ್ಕಿಂತ ತುರ್ತಿನ ಕೆಲಸವೊಂದು ಹಲವು ಮನೆಗಳಲ್ಲಿ ಉಳಿದಿದೆ: ಅಜ್ಜ ಅಜ್ಜಿಯರ ದನಿಯನ್ನು ಹಿಡಿದಿಡುವುದು. ಎದುರಿಗೆ ದೊಡ್ಡ ಮೈಕು ನಿಲ್ಲಿಸಿದರೆ ಅಜ್ಜಿ ಭಾಷಣ ಮಾಡತೊಡಗುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಅವರಿಗೆ ಕಾಲರ್ ಮೈಕೇ ಸರಿ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕಿನಿಂದಾಗಿಯೇ ಇಷ್ಟು ಪುಟ್ಟದು ಇಷ್ಟು ಅಗ್ಗವಾಗಿ ಸಿಗುವಂತಾಯಿತು. ಅದನ್ನು ಎದೆಯ ಮೇಲ್ಭಾಗದಲ್ಲಿ ಸಿಕ್ಕಿಸಿ; ಸೆರಗಿನ ಅಡಿಯಲ್ಲಿಟ್ಟರೆ ಬಟ್ಟೆಯ ಸರಸರವೇ ಕೇಳಿಸೀತು. ಕೊರಳ ಸರವೂ ತಾಗದಿರಲಿ. ಮೊದಲ ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿನೋಡಿ, ನಂತರ ಮುಂದುವರಿಸಿ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ.